ಶುಗರ್ ಏರಿತು, ಅಜ್ಜ ಏಳಲಿಲ್ಲ

ನಾನು ಕ್ಯಾಜುಯಲ್ಟಿಯಲ್ಲಿ ಸ್ಟಾಫ್ ನರ್ಸ್. ಪ್ರಜ್ಞೆ ತಪ್ಪಿದವರು, ಏನೇನೋ ಬಡಬಡಿಸುವವರು, ಯಾರೇ ಬಂದರೂ ಮೊದಲು ಬೆರಳು ಚುಚ್ಚಿ ಶುಗರ್ ನೋಡುತ್ತೇವೆ. ಕುಡಿದು ಬಿದ್ದಿದ್ದಾನೆ ಅಂತ ತಂದವರಿಗೂ ಅಷ್ಟೇ. ಶುಗರ್ ತೀರಾ ಇಳಿದರೆ ಕೆಲವರಿಗೆ ಒಂದು ಕಡೆಯ ಕೈಕಾಲು ಬಿದ್ದುಹೋಗಿ ಥೇಟ್ ಲಕ್ವ ಹೊಡೆದ ಹಾಗೆ ಕಾಣುತ್ತದೆ.

ಹೆಚ್ಚಿನವರು 25% ಡೆಕ್ಸ್‌ಟ್ರೋಸ್, ಅಂದರೆ ರಕ್ತನಾಳಕ್ಕೆ ಕೊಡುವ ಗ್ಲುಕೋಸ್, ಒಳಗೆ ಹೋಗುತ್ತಿದ್ದಂತೆ ಕಣ್ಣು ಬಿಡುತ್ತಾರೆ. "ನನ್ನನ್ಯಾಕೆ ಇಲ್ಲಿಗೆ ತಂದ್ರಿ?" ಅಂತ ಮನೆಯವರಿಗೆ ಬೈಯುತ್ತಾರೆ. ಆ ಬೈಗುಳ ಕೇಳೋಕೆ ನಮಗೆ ಖುಷಿ. ಆದರೆ ಇದನ್ನೇ ನೋಡಿ ನೋಡಿ ಜನರಿಗೆ ಲೋ ಶುಗರ್ ಅಂದರೆ ಸದರ ಆಗಿಬಿಟ್ಟಿದೆ. ಸಕ್ಕರೆ ಬಾಯಿಗೆ ಹಾಕಿದರೆ ಸರಿಹೋಗುತ್ತೆ ಬಿಡಿ ಅಂತಾರೆ.

ಒಬ್ಬ ಅಜ್ಜನಿಗೆ ಹಾಗಾಗಲಿಲ್ಲ. ಭೇದಿ ಹತ್ತಿ ಊಟ ಬಿಟ್ಟಿದ್ದರು, ಶುಗರ್ ಮಾತ್ರೆ ಮಾತ್ರ ಬಿಟ್ಟಿರಲಿಲ್ಲ. ರಾತ್ರಿ ಬೆವರಿ ಬನಿಯನ್ ಒದ್ದೆಯಾಗಿತ್ತಂತೆ. ಬೆಳಿಗ್ಗೆ ಗೊರಕೆ ಹೊಡೆಯುತ್ತಿದ್ದರು. ಪಾಪ, ಈಗಲಾದರೂ ನಿದ್ದೆ ಬಂದಿದೆ ಅಂತ ಮನೆಯವರು ಎಬ್ಬಿಸಲಿಲ್ಲ. ನಮ್ಮಲ್ಲಿಗೆ ಬಂದಾಗ ಮೀಟರ್ 24 ತೋರಿಸಿತು. ಡೆಕ್ಸ್‌ಟ್ರೋಸ್ ಹಾಕಿದ ಮೇಲೆ 180ಕ್ಕೆ ಏರಿತು. ಅಜ್ಜ ಏಳಲಿಲ್ಲ. "ಶುಗರ್ ಬಂತಲ್ಲ ಸಿಸ್ಟರ್, ಇನ್ಯಾಕೆ ಏಳ್ತಿಲ್ಲ?" ಅಂತ ಮಗ ಕೇಳುತ್ತಲೇ ಇದ್ದರು.

ಮೆದುಳು ನಮ್ಮ ತೂಕದಲ್ಲಿ 2% ಅಷ್ಟೇ, ಆದರೆ ದೇಹ ಬಳಸುವ ಶಕ್ತಿಯಲ್ಲಿ ಸುಮಾರು 20% ಅದಕ್ಕೇ ಬೇಕು. ಲಿವರ್ ಥರ ಗ್ಲುಕೋಸ್ ದಾಸ್ತಾನು ಇಟ್ಟುಕೊಳ್ಳಲು ಅದಕ್ಕಾಗುವುದಿಲ್ಲ, ರಕ್ತದಿಂದ ಆಗಿಂದಾಗ್ಗೆ ಸಿಗಬೇಕು. ಶುಗರ್ ಗಂಟೆಗಟ್ಟಲೆ ತಳ ಹಿಡಿದರೆ ಜೀವಕೋಶಗಳು ಸಾಯುತ್ತವೆ. ನೆನಪನ್ನು ನೋಡಿಕೊಳ್ಳುವ ಹಿಪೊಕ್ಯಾಂಪಸ್ ಮತ್ತು ಮೆದುಳಿನ ಹೊರಪದರಕ್ಕೆ ಏಟು ಜಾಸ್ತಿ. ಸತ್ತ ಕೋಶಕ್ಕೆ ಆಮೇಲೆ ಎಷ್ಟು ಗ್ಲುಕೋಸ್ ಕೊಟ್ಟರೇನು?

ಅಜ್ಜ ಉಳಿದರು. ವಾರ್ಡಿನಲ್ಲಿ ಸೊಸೆ ಕಾಫಿ ಲೋಟ ಕೈಗಿಟ್ಟರೆ ಅದನ್ನು ಹಿಡಿದುಕೊಂಡೇ ಕೂತಿರುತ್ತಿದ್ದರು. ಬಾಯಿಗೆ ಎತ್ತಬೇಕು ಅಂತ ತೋಚುತ್ತಿರಲಿಲ್ಲ. ಊಟ ಮಾಡಿ ಕೈ ತೊಳೆದು ಬಂದು "ಊಟ ಯಾವಾಗ?" ಅಂತ ಕೇಳುತ್ತಿದ್ದರು.

ಎದ್ದವರ ಜೊತೆ ನಮ್ಮದು ಬೇರೆ ಜಗಳ. ಎದ್ದ ತಕ್ಷಣ ಡಿಸ್ಚಾರ್ಜ್ ಕೇಳುತ್ತಾರೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರಹದ ಶುಗರ್ ಇಳಿಸುವ ಮಾತ್ರೆ ನುಂಗಿದ್ದರೆ ಅದರ ಕೆಲಸ ಅಷ್ಟು ಬೇಗ ಮುಗಿಯುವುದಿಲ್ಲ. ಕಿಡ್ನಿ ಸರಿಯಿಲ್ಲದವರಲ್ಲಿ ಇನ್ನೂ ಎಳೆಯುತ್ತದೆ. ಡ್ರಿಪ್ ನಿಲ್ಲಿಸಿದರೆ ಶುಗರ್ ಮತ್ತೆ ಕುಸಿಯಬಹುದು, ಅದೂ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ. ಅದಕ್ಕೇ ಒಂದು ದಿನವಾದರೂ ಇರಿ ಅಂತ ಗೋಗರೆಯುವುದು.

ಮನೆಯವರಿಗೆ ನಾನು ಹೇಳುವುದು ಇಷ್ಟು. ಶುಗರ್ 70ಕ್ಕಿಂತ ಕೆಳಗಿದ್ದು ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ವಾಂತಿ, ಭೇದಿ, ಉಪವಾಸ ಅಂದರೆ ಆವತ್ತಿನ ಮಾತ್ರೆ, ಇನ್ಸುಲಿನ್ ಎಷ್ಟು ಅಂತ ಡಾಕ್ಟರನ್ನು ಕೇಳಿ. ಇನ್ಸುಲಿನ್ ಅನ್ನು ನೀವೇ ಸುಮ್ನೆ ನಿಲ್ಲಿಸಬೇಡಿ, ಅದರ ಫಜೀತಿ ಬೇರೆ.

ಬರುವಾಗ ಮಾತ್ರೆಯ ಖಾಲಿ ಶೀಟ್ ಆದರೂ ತನ್ನಿ. "ಬೆಳಿಗ್ಗೆ ಒಂದು ಸಣ್ಣ ಬಿಳಿ ಮಾತ್ರೆ ಸಿಸ್ಟರ್" ಅಂದರೆ ನಾವು ಏನಂತ ತಿಳಿಯೋಣ?