ಮಗಳ ರಬ್ಬರ್

ಕಲಬುರಗಿಯ ಬಿಸಿಲು 42 ಡಿಗ್ರಿ. ಮಧ್ಯಾಹ್ನ ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ ಮಲಗಿಬಿಟ್ಟಿತು. ಆಮೇಲೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಚಾರ್ಜರ್ ಕಿತ್ತು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದೆ. ಊಹೂಂ. ಅಂಗಡಿಯವರು ಬಿಚ್ಚಿಯೂ ನೋಡದೆ ಮದರ್‌ಬೋರ್ಡ್ ಹೋಗಿದೆ ಅಂದರು.

ಸಂಜೆ ಪಕ್ಕದ ಮನೆಯ ಡಿಪ್ಲೊಮಾ ಹುಡುಗ ಬಂದ. "ಕಾಕಾ, ಒಂದ್ ರಬ್ಬರ್ ಕೊಡ್ರಿ." ಸುಮ್ನೆ ತಮಾಷೆ ಅಂದುಕೊಂಡೆ. ಮುಚ್ಚಳ ಬಿಚ್ಚಿ, ಬ್ಯಾಟರಿ ಕಳಚಿ, ಒಳಗಿನ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಮೆಲ್ಲಗೆ ಉಜ್ಜಿದ. ರಬ್ಬರ್ ಕಪ್ಪಾಯಿತು. ಟಕ್ ಅಂತ ಕೂರಿಸಿದ. ಪರದೆ ಬೆಳಗಿತು!

ಅವ್ವನ ಫೋಟೊಗಳೆಲ್ಲ ಇದರಲ್ಲೇ ಇವೆ. ಬೇರೆ ಪ್ರತಿ ಇಲ್ಲ ಅನ್ನೋದು ಕೆಟ್ಟಾಗಲೇ ನೆನಪಾಗಬೇಕಾ? ಈಗ ಪೆನ್‌ಡ್ರೈವ್‌ಗೆ ಕಾಪಿ ಆಗುತ್ತಿದೆ, 61 ಪರ್ಸೆಂಟ್. ಮಗಳು ಹೊಸ ರಬ್ಬರ್ ಬೇಕು ಅಂತ ಕೂತಿದ್ದಾಳೆ.