ಬಳ್ಳಾರಿಯಲ್ಲಿ ಊಟಕ್ಕೆಂದೇ ಇಳಿಯುವವರಿಗೆ

ಹಂಪಿಗೆ ಹೊರಟವರು ಬಳ್ಳಾರಿಯನ್ನು ರೈಲಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ. ಅರ್ಧ ದಿನ ಇಲ್ಲಿ ಇಳಿದು ಹೋದರೆ ಹೊಟ್ಟೆಗೆ ನಷ್ಟವಿಲ್ಲ. ಹೊಸಪೇಟೆ ಇಲ್ಲಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ, ಬಸ್ಸು ದಿನವಿಡೀ ಇರುತ್ತದೆ. ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಗುಂತಕಲ್ ಸುತ್ತಿ ಬೆಳಗಾಗುವ ಹೊತ್ತಿಗೆ ಬಳ್ಳಾರಿ ಮುಟ್ಟಿಸುತ್ತದೆ.

ಯಾವ ಹೋಟೆಲು ಎಂದು ಕೇಳುವುದಕ್ಕಿಂತ ಎಷ್ಟು ಗಂಟೆಗೆ ಎಂದು ಕೇಳುವುದು ಇಲ್ಲಿ ಹೆಚ್ಚು ಉಪಯೋಗ. ಮಿರ್ಚಿ (ಮೆಣಸಿನಕಾಯಿ ಬಜ್ಜಿ) ಕರಿಯುವವನು ಬಂಡಿ ಬದಲಿಸಿದರೆ ರುಚಿಯೂ ಅವನ ಜೊತೆಗೇ ಹೋಗುತ್ತದೆ, ಹಳೆಯ ಬೋರ್ಡು ಮಾತ್ರ ಅಲ್ಲೇ ಉಳಿಯುತ್ತದೆ. ಅದಕ್ಕೇ ಇಲ್ಲಿ ಅಂಗಡಿಗಳ ಹೆಸರಿಲ್ಲ. ಏರಿಯಾ, ಹೊತ್ತು ಮತ್ತು ಒಳ್ಳೆಯದನ್ನು ಗುರುತಿಸುವ ಬಗೆ ಇದೆ.

ಬೆಳಗಿನ ತಿಂಡಿಗೆ ಒಗ್ಗರಣಿ-ಮಿರ್ಚಿಯೇ ಸರಿ. ದಕ್ಷಿಣದ ಕಡೆಯವರಿಗೆ ಬಜ್ಜಿ ಎಂದರೆ ಸಂಜೆಯ ಮಳೆ ನೆನಪಾಗುತ್ತದೆ. ಇಲ್ಲಿ ಮಿರ್ಚಿಯ ಬಾಣಲೆ ಬೆಳಿಗ್ಗೆಯೇ ಒಲೆ ಏರುತ್ತದೆ. ಏಳರಿಂದ ಒಂಬತ್ತೂವರೆಯೊಳಗೆ ಹೋಗಿ. ರಾಯಲ್ ಸರ್ಕಲ್‌ನ ಅಕ್ಕಪಕ್ಕದ ಬೀದಿಗಳು, ಬಸ್ ನಿಲ್ದಾಣದ ಸುತ್ತ, ಬ್ರೂಸ್‌ಪೇಟೆ, ಎಲ್ಲ ಕಡೆ ಬಂಡಿಗಳಿವೆ, ಸಣ್ಣ ಹೋಟೆಲುಗಳಿವೆ. (ರಾಯಲ್ ಸರ್ಕಲ್‌ಗೆ ಈಗ ಗಡಗಿ ಚನ್ನಪ್ಪ ವೃತ್ತ ಎಂದು ಹೆಸರು. ಆಟೋದವರಿಗೆ ಎರಡೂ ಗೊತ್ತು.)

ಒಗ್ಗರಣಿ ಎಂದರೆ ನೆನೆಸಿದ ಮಂಡಕ್ಕಿ. ಇಲ್ಲಿಯ ಮಂಡಕ್ಕಿ ದಪ್ಪ. ನೀರಲ್ಲಿ ಹಾಕಿ ಒಂದು ನಿಮಿಷದೊಳಗೆ ತೆಗೆದು ಎರಡೂ ಅಂಗೈಯಲ್ಲಿ ಒತ್ತಿ ಹಿಂಡುತ್ತಾರೆ. ಬೆಂಗಳೂರಿನ ತೆಳು ಕಡ್ಲೆಪುರಿಯಲ್ಲಿ ಮಾಡಲು ಹೋದರೆ ಮುದ್ದೆಯಾಗುತ್ತದೆ, ಮನೆಯಲ್ಲಿ ಮಾಡುವ ಆಸೆಯಿದ್ದರೆ ಇಲ್ಲಿಂದಲೇ ಮಂಡಕ್ಕಿ ಒಯ್ಯಿರಿ. ಸಾಸಿವೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಶಿನದ ಒಗ್ಗರಣೆಗೆ ಹಿಂಡಿದ ಮಂಡಕ್ಕಿ ಸೇರಿಸಿ, ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡುತ್ತಾರೆ. ಕೊನೆಗೆ ಪುಟಾಣಿ (ಹುರಿಗಡಲೆ) ಹಿಟ್ಟು, ನಾಲ್ಕು ಪ್ಲೇಟಿಗೆ ಎರಡು-ಮೂರು ಚಮಚ. ಉಳಿದ ತೇವವನ್ನು ಈ ಹಿಟ್ಟು ಹೀರುವುದರಿಂದ ಕಾಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಹಿಟ್ಟು ಹೆಚ್ಚಾದರೆ ಗಂಟಲಿಗೆ ಹಿಡಿಯುತ್ತದೆ. ಮಾಡಿ ಅರ್ಧ ಗಂಟೆ ಕಳೆದರೆ ಬಿಸಿ ಆರಿ ಗಂಟುಗಟ್ಟುತ್ತದೆ. ಹಾಗಾಗಿ ಪಾತ್ರೆ ತುಂಬಿ ಕುಳಿತಿರುವ ಕಡೆಗಿಂತ, ಸಣ್ಣ ಪಾತ್ರೆಯಲ್ಲಿ ಮತ್ತೆ ಮತ್ತೆ ಕಲಸುತ್ತಿರುವ ಕಡೆ ನಿಲ್ಲಿ.

ಮಿರ್ಚಿ ಆರಿಸುವಾಗ ಎಣ್ಣೆ ನೋಡಿ. ಹಿಟ್ಟಿನ ಹನಿ ಬಿದ್ದ ಕೂಡಲೇ ಮೇಲೆ ಬಂದರೆ ಕಾವು ಸರಿ. ತಳದಲ್ಲೇ ಕೂತರೆ ಮಿರ್ಚಿ ಎಣ್ಣೆ ಕುಡಿಯುತ್ತದೆ. ಹೊಗೆ ಆಡುತ್ತಿದ್ದರೆ ಮೇಲೆ ಕಂದು, ಒಳಗೆ ಮೆಣಸಿನಕಾಯಿ ಹಸಿ. ಸೋಡಾ ಜಾಸ್ತಿಯಾದದ್ದು ಉಬ್ಬಿ ಚಂದ ಕಾಣುತ್ತದೆ, ಆದರೆ ಕಾಗದದ ಮೇಲಿಟ್ಟರೆ ಎಣ್ಣೆ ಇಳಿಯುತ್ತಲೇ ಇರುತ್ತದೆ, ಬಾಯಲ್ಲಿ ಸೋಪಿನ ವಾಸನೆ ಉಳಿಯುತ್ತದೆ. ಒಳ್ಳೆಯ ಕಡೆ ಮೆಣಸಿನಕಾಯಿ ಸೀಳಿ ಅಜವಾನ, ಉಪ್ಪು, ಹುಣಸೆಹುಳಿ ಸವರಿರುತ್ತಾರೆ. ಖಾರ ಆಗದವರು ಮೊದಲು ಮುರಿದು ನೋಡಿ, ಬೀಜ ತೆಗೆಯದಿದ್ದರೆ ನೀವೇ ತೆಗೆಯಿರಿ. ಒಂದು ಪ್ಲೇಟ್ ಒಗ್ಗರಣಿಗೆ ಎರಡು ಮಿರ್ಚಿ ಸಾಕು. ಬೆಳಿಗ್ಗೆಯೇ ನಾಲ್ಕು ತಿಂದು ಊರಿನ ಗುಡ್ಡದ ಮೇಲಿನ ಕೋಟೆ ಹತ್ತಲು ಹೊರಟರೆ ಅರ್ಧ ಗುಡ್ಡಕ್ಕೆ ಗೊತ್ತಾಗುತ್ತದೆ. ಮೊದಲು ಕೋಟೆ ಹತ್ತಿ, ಇಳಿದು ಬಂದು ತಿನ್ನಿ. ಬಂಡೆ ಕಾದ ಮೇಲೆ ಹತ್ತುವುದು ಹೇಗೂ ಕಷ್ಟ.

ಇಡ್ಲಿ-ವಡೆ, ದೋಸೆ ಎಲ್ಲ ಕಡೆ ಸಿಗುತ್ತವೆ. ಅದಕ್ಕಾಗಿ ಬಳ್ಳಾರಿಗೆ ಬರಬೇಕಿಲ್ಲ. ಪಡ್ಡು ಕಂಡರೆ ಮಾತ್ರ ಬಿಡಬೇಡಿ, ಜೊತೆಗೆ ಶೇಂಗಾ ಚಟ್ನಿ ಇದ್ದರಂತೂ ಇನ್ನೂ.

ಮಧ್ಯಾಹ್ನ ಖಾನಾವಳಿ. ಹನ್ನೆರಡೂವರೆಯಿಂದ ಎರಡರೊಳಗೆ ಕುಳಿತುಬಿಡಿ. ಮೂರಕ್ಕೆ ಹೋದರೆ ರೊಟ್ಟಿ ಬಡಿಯುವವರು ಎದ್ದಿರುತ್ತಾರೆ, ನಿಮಗೆ ಅನ್ನ-ಸಾರು ಗತಿ. ಒಳಗೆ ಹೋಗುವ ಮೊದಲು ಕಿವಿಗೊಡಿ, ರೊಟ್ಟಿ ಬಡಿಯುವ ಸದ್ದು ಬರುತ್ತಿದ್ದರೆ ಆ ಜಾಗ ಸರಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ, ಕುದಿನೀರು ಹಾಕಿ ನಾದಿ ಒಗ್ಗೂಡಿಸಬೇಕು. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಬಡಿಯುವಾಗಲೇ ಅಂಚು ಸೀಳುತ್ತದೆ. ಬಿಸಿ ರೊಟ್ಟಿ ಆರಿದರೆ ತೊಗಲಿನಂತಾಗುವುದರಿಂದ ಎರಡು-ಮೂರು ಒಟ್ಟಿಗೆ ಹಾಕಿಸಿಕೊಳ್ಳಬೇಡಿ, ಒಂದು ಮುಗಿದ ಮೇಲೆ ಇನ್ನೊಂದು ಕೇಳಿ. ಊಟದ ದರದಲ್ಲಿ ಎಷ್ಟು ರೊಟ್ಟಿ, ಹೆಚ್ಚಿನದಕ್ಕೆ ಬೇರೆ ದುಡ್ಡೇ ಎಂಬುದನ್ನು ಕೂರುವ ಮೊದಲೇ ವಿಚಾರಿಸಿ. ಒಂದೊಂದು ಕಡೆ ಒಂದೊಂದು ಲೆಕ್ಕ.

ತಟ್ಟೆಯಲ್ಲಿ ಬದನೆಕಾಯಿ ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಹಸಿ ಮೆಂತ್ಯಸೊಪ್ಪು, ಈರುಳ್ಳಿ, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ), ಮೊಸರು ಇರಬೇಕು. ಎಣ್ಣೆಗಾಯಿಗೆ ಎಳೆಯ ಸಣ್ಣ ಬದನೆ, ಒಳಗೆ ಶೇಂಗಾ, ಎಳ್ಳು ಅಥವಾ ಗುರೆಳ್ಳಿನ ಮಸಾಲೆ. ಬಲಿತ ಕಾಯಿಯಾದರೆ ಬೀಜ ಕಹಿ. ಹಿಂಡಿಯನ್ನು ಮೊಸರಿನಲ್ಲಿ ಕಲಸಿ ರೊಟ್ಟಿಗೆ ಹಚ್ಚಿಕೊಳ್ಳಿ, ಖಾರ ತಗ್ಗುತ್ತದೆ. ಪುಂಡಿಪಲ್ಯ ಇದೆಯೇ ಎಂದು ಕೇಳಿ, ಹುಳಿಯಾದ ಪುಂಡಿಸೊಪ್ಪಿಗೆ ಜೋಳದ ನುಚ್ಚು, ಬೇಳೆ, ಬೆಳ್ಳುಳ್ಳಿ ಹಾಕಿ ಮಾಡಿರುತ್ತಾರೆ. ಅದೇ ಸೊಪ್ಪು ಆಂಧ್ರ ಮೆಸ್ಸುಗಳಲ್ಲಿ ಒಣಮೆಣಸಿನಕಾಯಿಯ ಜೊತೆ ಅರೆದ ಗೋಂಗುರ ಚಟ್ನಿಯಾಗಿ ಬರುತ್ತದೆ. 1953ರವರೆಗೆ ಈ ಊರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಅನಂತಪುರ ಪಕ್ಕದ ಜಿಲ್ಲೆ. ಹಾಗಾಗಿ ಒಂದೇ ಬೀದಿಯಲ್ಲಿ ರೊಟ್ಟಿ ಖಾನಾವಳಿಯೂ ತುಪ್ಪ-ಪಪ್ಪು (ತೊವ್ವೆ) ಬಡಿಸುವ ಆಂಧ್ರ ಮೆಸ್ಸೂ ಸಿಕ್ಕರೆ ಅಚ್ಚರಿ ಬೇಡ. ಎರಡರಲ್ಲಿ ಒಂದು ಎಂದರೆ ಖಾನಾವಳಿ, ಯಾಕೆಂದರೆ ಆಂಧ್ರ ಊಟ ನಿಮ್ಮೂರಿನಲ್ಲೂ ಸಿಗುತ್ತದೆ. ಸಂಕ್ರಾಂತಿಯ ಆಸುಪಾಸು ಬಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೇಳಿ.

ಮಾಂಸದೂಟಕ್ಕೆ ಕೌಲ್ ಬಜಾರ್. ಹಳೆಯ ದಂಡಿನ ಪ್ರದೇಶದ ಬಜಾರು ಇದು, ಬಿರಿಯಾನಿ ಅಂಗಡಿಗಳು ಒತ್ತೊತ್ತಾಗಿವೆ. ಹಂಡೆ ಎಷ್ಟು ಹೊತ್ತಿಗೆ ತೆರೆಯುತ್ತಾರೆ ಎಂದು ಕೇಳಿಕೊಂಡು ಆ ಹೊತ್ತಿಗೇ ಹೋಗಿ. ತೆರೆದು ಒಂದು ಗಂಟೆಯೊಳಗಿನ ಅನ್ನವೇ ಅನ್ನ, ಆಮೇಲೆ ಮತ್ತೆ ಬಿಸಿಮಾಡಿದ್ದು ಒಣಗಿರುತ್ತದೆ. ಮಾಂಸ ಬೇಡದವರಿಗೆ ಖುಷ್ಕ ಸಿಗುತ್ತದೆ, ಆದರೆ ಅದು ಅದೇ ಹಂಡೆಯ ಅನ್ನ, ಕಟ್ಟಾ ಸಸ್ಯಾಹಾರಿಗಳಿಗೆ ಅಲ್ಲ. ಶುಕ್ರವಾರ ನಮಾಜು ಬಿಟ್ಟ ಮೇಲೆ ಮತ್ತು ಭಾನುವಾರ ಜಾಗ ಸಿಗುವುದು ಕಷ್ಟ. ರಂಜಾನ್ ತಿಂಗಳಲ್ಲಿ ಹಗಲು ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ಸಂಜೆ ಬನ್ನಿ. ಹಂಪಿಯಲ್ಲಿ ಗುಡಿಯ ಸುತ್ತಮುತ್ತ ಮಾಂಸದೂಟ ಸಿಗುವುದಿಲ್ಲ, ಆಸೆ ಇದ್ದವರು ಇಲ್ಲೇ ಮುಗಿಸಿಕೊಳ್ಳಿ.

ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮಧ್ಯಾಹ್ನ ಬಿರಿಯಾನಿ ಬೇಡ, ಮಜ್ಜಿಗೆ-ರೊಟ್ಟಿ ಉಂಡು ನಾಲ್ಕೂವರೆಯವರೆಗೆ ನೆರಳಲ್ಲಿರಿ. ಮಂಗಳವಾರ ದುರ್ಗಮ್ಮನ ಗುಡಿ ಕಡೆ ಜನಸಂದಣಿ, ಆಟೋ ಸುತ್ತುಬಳಸಿ ಹೋಗುತ್ತದೆ, ಹೊತ್ತು ಹೆಚ್ಚಿಗೆ ಇಟ್ಟುಕೊಳ್ಳಿ.

ದಾರಿಗೆ ಕಟ್ಟಿಸಿಕೊಳ್ಳುವುದಾದರೆ ಕಟಕ್ ರೊಟ್ಟಿ (ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿ) ಮತ್ತು ಶೇಂಗಾ ಹಿಂಡಿ. ರೊಟ್ಟಿಗೆ ಗಾಳಿಯ ತೇವ ತಾಗದಂತೆ ಪ್ಲಾಸ್ಟಿಕ್ ಬಿಗಿಯಾಗಿ ಕಟ್ಟಿ, ಅದರ ಮೇಲೆ ಬ್ಯಾಗಿನ ಭಾರ ಹಾಕಬೇಡಿ. ವಾರವಾದರೂ ಕೆಡುವುದಿಲ್ಲ. ಒಗ್ಗರಣಿ ಗಂಟುಗಟ್ಟಿದರೂ ಹೊಸಪೇಟೆ ತಲುಪುವವರೆಗೆ ಕೆಡದೆ ತಡೆಯುತ್ತದೆ. ಮಿರ್ಚಿಯನ್ನು ಮಾತ್ರ ಪಾರ್ಸಲ್ ಮಾಡಿಸಬೇಡಿ, ಹತ್ತೇ ನಿಮಿಷಕ್ಕೆ ತನ್ನ ಆವಿಗೆ ತಾನೇ ಮೆತ್ತಗಾಗುತ್ತದೆ. ಮಾಡಿಸಲೇಬೇಕೆಂದರೆ ಕವರ್ ಬೇಡ, ಪೇಪರಿನಲ್ಲಿ ಸಡಿಲವಾಗಿ ಸುತ್ತಿಕೊಡಲು ಹೇಳಿ.