ಸಂತ ಬ್ಲೇಸರ ಹಬ್ಬ: ಕೊರಳಿಗೆ ಎರಡು ಮೇಣದಬತ್ತಿ

ಫೆಬ್ರವರಿ 3, ಕಥೋಲಿಕರಿಗೆ ಸಂತ ಬ್ಲೇಸರ ಹಬ್ಬ. ಅಂದು ಪೂಜೆಯಾದ ಮೇಲೆ ಗಂಟಲಿನ ಆಶೀರ್ವಾದಕ್ಕೆಂದು ಸಾಲಿನಲ್ಲಿ ನಿಂತು ಗದ್ದ ತುಸು ಎತ್ತಿದರೆ ಕೊರಳಿನ ಎರಡೂ ಬದಿಗೆ ಮೇಣದ ತಂಪು ತಾಗುತ್ತದೆ. ಒಂದೇ ಗಳಿಗೆ. ಆದರೆ ನುಂಗುವ ತುತ್ತು, ಹಾಡುವ ಕೀರ್ತನೆ, ಮಗುವನ್ನು ಕರೆಯುವ ಕೂಗು, ನಾಲಗೆಯ ಮೇಲಿಟ್ಟ ಪರಮಪ್ರಸಾದ, ಎಲ್ಲಕ್ಕೂ ಇದೇ ಇಕ್ಕಟ್ಟಿನ ದಾರಿಯಲ್ಲವೇ ಎಂಬುದು ಆ ತಂಪಿನಲ್ಲೇ ನೆನಪಾಗುತ್ತದೆ.

ಸೆಬಾಸ್ತೆಯ ಧರ್ಮಾಧ್ಯಕ್ಷ (ಬಿಷಪ್) ಬ್ಲೇಸರ ಕಥೆ ಗೊತ್ತಿರುವುದೇ: ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿ ಸಾಯುತ್ತಿದ್ದು ಅವರ ಪ್ರಾರ್ಥನೆಯಿಂದ ಉಳಿದ ಹುಡುಗ, ಅವರಿದ್ದ ಕತ್ತಲ ಸೆರೆಗೆ ಊಟದ ಜತೆ ಮೇಣದಬತ್ತಿ ತಂದುಕೊಟ್ಟ ಬಡ ಹೆಂಗಸು, ಉಣ್ಣೆ ಬಾಚುವ ಕಬ್ಬಿಣದ ಬಾಚಣಿಗೆಯ ಹಿಂಸೆ, ಸುಮಾರು 316ರಲ್ಲಿ ಶಿರಚ್ಛೇದ. ಆ ಊರು ಇಂದಿನ ತುರ್ಕಿಯ ಸಿವಾಸ್. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. 6ನೇ ಶತಮಾನದ ವೈದ್ಯ ಅಮಿದದ ಏಟಿಯಸ್, ಗಂಟಲಲ್ಲಿ ಸಿಕ್ಕ ಮುಳ್ಳು ತೆಗೆಯುವ ಉಪಾಯ ಬರೆಯುತ್ತಾ ಬ್ಲೇಸರ ಹೆಸರಿನಲ್ಲಿ ಮುಳ್ಳಿಗೆ ಆಜ್ಞೆ ಮಾಡುವ ಪ್ರಾರ್ಥನೆಯನ್ನೂ ಸೇರಿಸಿದ. ಔಷಧವೂ ಪ್ರಾರ್ಥನೆಯೂ ಒಂದೇ ಹೊತ್ತಗೆಯಲ್ಲಿ! ಆಶೀರ್ವಾದ ಪಡೆದೆನೆಂದು ವೈದ್ಯರನ್ನು ಬಿಡುವವರು ಇದನ್ನು ಗಮನಿಸಬೇಕು.

ಬತ್ತಿಗಳನ್ನು ಹಿಂದಿನ ದಿನ, ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ್ದನ್ನು ನೆನೆಯುವ ಸಮರ್ಪಣೆಯ ಹಬ್ಬದಲ್ಲಿ ಮಂತ್ರಿಸಿದವುಗಳಿಂದಲೇ ತೆಗೆದಿಡುವುದು ವಾಡಿಕೆ. ಎರಡನ್ನು ಅಡ್ಡಡ್ಡ ಇಟ್ಟು ರಕ್ತಸಾಕ್ಷಿಯ, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ಸಂತನ, ನೆನಪಿಗೆ ಕೆಂಪು ರಿಬ್ಬನ್ನಿನಿಂದ ಕಟ್ಟಬೇಕು. ಗಂಟು ನಡುವಿಗಿಂತ ಕೆಳಗಿರಲಿ. ಮೇಲೆ ಸರಿದರೆ ಕವಲು ಚಿಕ್ಕದಾಗಿ ದೊಡ್ಡವರ ಕೊರಳು ಹಿಡಿಸುವುದಿಲ್ಲ. ತೆಳ್ಳನೆಯ ಬತ್ತಿಯನ್ನು ಬಿಗಿದು ಕಟ್ಟಿದರೆ ಗಂಟಿನ ಬಳಿಯೇ ಮುರಿಯುತ್ತದೆ, ಬಿಸಿಲಿಗೆ ಇಟ್ಟರೆ ಬಾಗುತ್ತದೆ. ಹೊತ್ತಿಸುವ ರೂಢಿ ಕೆಲವೆಡೆ ಇದ್ದರೂ ಹೊತ್ತಿಸದಿರುವುದೇ ಕ್ಷೇಮ: ಕೂದಲು, ಸೆರಗು ಎರಡೂ ಬೆಂಕಿಗೆ ಹತ್ತಿರ. ಶಾಲು ಸುತ್ತಿಕೊಂಡವರು ಸರದಿ ಬರುವ ಮೊದಲೇ ಸಡಿಲಿಸಿಕೊಳ್ಳಲಿ.

ಧರ್ಮಾಧ್ಯಕ್ಷರೂ ರಕ್ತಸಾಕ್ಷಿಯೂ ಆದ ಸಂತ ಬ್ಲೇಸರ ಬಿನ್ನಹದ ಮೂಲಕ ದೇವರು ನಿಮ್ಮನ್ನು ಗಂಟಲಿನ ಬೇನೆಯಿಂದಲೂ ಬೇರೆಲ್ಲ ಬೇನೆಯಿಂದಲೂ ಬಿಡಿಸಲಿ, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ಎಂದು ಗುರುಗಳು ಶಿಲುಬೆಯ ಗುರುತು ಹಾಕುತ್ತಾರೆ. ನಾವು ‘ಆಮೆನ್’ ಎನ್ನಬೇಕು. ಆ ‘ಆಮೆನ್’ ಕೂಡ ಗಂಟಲಿಂದಲೇ ಬರಬೇಕು, ತಲೆಯಾಡಿಸಿದರೆ ಸಾಲದು.

ಒಂದು ನೋವಿನ ಮಾತು. ಒಬ್ಬೊಬ್ಬರನ್ನೂ ಮುಟ್ಟಲಾಗದಷ್ಟು ಜನ ಸೇರಿದಾಗ ಬತ್ತಿಯಿಲ್ಲದೆ ಕೈ ಚಾಚಿ ಎಲ್ಲರ ಮೇಲೂ ಒಮ್ಮೆಲೇ ಪ್ರಾರ್ಥಿಸಲು ಚರ್ಚಿನ ಆಶೀರ್ವಾದ ವಿಧಿಗಳ ಪುಸ್ತಕದಲ್ಲಿ ಅನುಮತಿ ಇದೆ. ಅದು ಅನಿವಾರ್ಯಕ್ಕೆಂದು ಕೊಟ್ಟದ್ದು. ಈಗ ನಲವತ್ತು ಜನರಿದ್ದರೂ ಅದನ್ನೇ ಮಾಡಿ ಮುಗಿಸುವುದುಂಟು. ಮನೆಗೆ ಹೋಗುವ ಅವಸರ ನಮ್ಮದೂ ಹೌದು, ಬರೀ ಗುರುಗಳ ತಪ್ಪಲ್ಲ. ಆದರೆ ಈ ವಿಧಿಯ ಜೀವವಿರುವುದು ಸ್ಪರ್ಶದಲ್ಲಿ. ಮುಳ್ಳು ಸಿಕ್ಕಿದ್ದು ಒಬ್ಬ ಹುಡುಗನ ಗಂಟಲಲ್ಲಿ. ಹೊತ್ತಾಗುತ್ತದೆ ಎನ್ನುವ ಕಡೆ ಇನ್ನೆರಡು ಜೊತೆ ಬತ್ತಿ ಕಟ್ಟಿಡಿ. ಡೀಕನ್ನರೂ (ಗುರುಗಳಿಗಿಂತ ಕೆಳಗಿನ ದೀಕ್ಷೆ ಪಡೆದವರು) ಆಶೀರ್ವದಿಸಬಹುದು. ಇದಕ್ಕೆಂದು ನೇಮಿಸಿದ, ದೀಕ್ಷೆಯಿಲ್ಲದ ಶ್ರೀಸಾಮಾನ್ಯರೂ ಶಿಲುಬೆಯ ಗುರುತು ಹಾಕದೆ ಬತ್ತಿ ಮುಟ್ಟಿಸಿ ಅದೇ ಪ್ರಾರ್ಥನೆ ಹೇಳಬಹುದು. ಮೂರು ಸಾಲಾದರೆ ಇನ್ನೂರು ಜನಕ್ಕೂ ಬಹಳ ಹೊತ್ತು ಹಿಡಿಯುವುದಿಲ್ಲ.